ಓದುಗರ ಪ್ರಶ್ನೆ: ಮೈಕಿನ ಮುಂದೆ ನಿಂತಾಗ

ಪ್ರಶ್ನೆ: ಇಲ್ಲಿಯ ಕನ್ನಡ ಸಂಘದಲ್ಲಿ ಈ ವರ್ಷ ನಾನು ಕಾರ್ಯದರ್ಶಿ. ಸಮಿತಿಯ ಸಭೆಗಳಲ್ಲಿ ಸಲೀಸಾಗಿ ಮಾತನಾಡುವ ನನಗೆ ವೇದಿಕೆ ಹತ್ತಿದೊಡನೆ ಬಾಯಿ ಒಣಗುತ್ತದೆ, ಕೈಯಲ್ಲಿರುವ ಹಾಳೆ ನಡುಗುತ್ತದೆ. ಕಳೆದ ರಾಜ್ಯೋತ್ಸವದಂದು, ಬಾಯಿಪಾಠ ಮಾಡಿಕೊಂಡಿದ್ದ ಸ್ವಾಗತ ಭಾಷಣದ ಒಂದು ಸಾಲು ಮರೆತು, ಮುಂದಿನದೆಲ್ಲ ಕೈಕೊಟ್ಟಿತು. ಓದಿದ್ದು ಮರಾಠಿ ಶಾಲೆಯಲ್ಲಾದ್ದರಿಂದ ನನ್ನ ಕನ್ನಡದ ಬಗ್ಗೆಯೂ ಅಳುಕಿದೆ. ಏನು ಮಾಡಲಿ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇದೇ ಮುಂಬಯಿಯಲ್ಲಿ ನಿಮಗಿಂತ ಹೆಚ್ಚು ತತ್ತರಿಸಿದವರು ಗಾಂಧೀಜಿ. ಬ್ಯಾರಿಸ್ಟರ್ ಆಗಿ ಮರಳಿದ ಅವರು ಇಲ್ಲಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ 30 ರೂಪಾಯಿ ಶುಲ್ಕದ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ, ಸಾಕ್ಷಿಗೆ ಕೇಳಲು ಒಂದು ಪ್ರಶ್ನೆಯೂ ತೋಚದೆ, ಬೇರೆ ವಕೀಲರನ್ನು ನೋಡಿಕೊಳ್ಳುವಂತೆ ಹೇಳಿ ಕುಳಿತುಬಿಟ್ಟರು. 1896ರಲ್ಲಿ ಸರ್ ಕಾವಸ್‌ಜಿ ಜಹಾಂಗೀರ್ ಸಭಾಂಗಣದಲ್ಲಿ ಅವರು ಬರೆದು ತಂದಿದ್ದ ಭಾಷಣವನ್ನು ಓದತೊಡಗಿದಾಗಲೂ, ಇನ್ನೂ ಗಟ್ಟಿಯಾಗಿ ಓದಿರೆಂದು ಮುಂಬಯಿಯ ಮುಖಂಡ ಫಿರೋಜ್‌ಶಾ ಮೆಹತಾ ಹುರಿದುಂಬಿಸಿದಷ್ಟೂ ದನಿ ಕುಗ್ಗುತ್ತ ಹೋಗಿ, ಕೊನೆಗೆ ಅದನ್ನು ಇನ್ನೊಬ್ಬ ಮುಖಂಡ ದಿನ್‌ಶಾ ವಾಚಾ ಓದಬೇಕಾಯಿತು. ಹಾಗಾಗಿ ನಡುಕವನ್ನು ಅಯೋಗ್ಯತೆಯ ಗುರುತೆಂದು ಎಣಿಸಬೇಡಿ. ಅದು ಅಡ್ರಿನಾಲಿನ್ ಏರಿದಾಗ ಯಾರ ಮೈಯಲ್ಲಾದರೂ ಆಗುವಂಥದ್ದು.

ನಿಮ್ಮ ನಿಜವಾದ ತೊಡಕು ಬಾಯಿಪಾಠದ್ದು. ನಮ್ಮ ಕರಾವಳಿಯವರು ಮುಂಬಯಿಗೂ ತಂದ, ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯನ್ನು ಒಮ್ಮೆ ಮುಂದಿನ ಸಾಲಿನಲ್ಲಿ ಕುಳಿತು ನೋಡಿ. ಪಾತ್ರವಾಗಿ ಮಾತನಾಡುವ ಅರ್ಥಧಾರಿಗೆ ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಮಾತೂ ಇಲ್ಲ. ಭಾಗವತರು ಹಾಡಿದ ನಾಲ್ಕು ಸಾಲಿನ ಪದ್ಯವನ್ನು ಆಧಾರವಾಗಿಟ್ಟುಕೊಂಡು, ಎದುರು ಕುಳಿತ ಪಾತ್ರಧಾರಿಯ ವಾದವನ್ನು ಕೇಳಿಸಿಕೊಂಡು, ಅದಕ್ಕೆ ತಕ್ಕಂತೆ ಅವರು ಅರ್ಥವನ್ನು ಅಲ್ಲಿಯೇ ಬೆಳೆಸುತ್ತಾರೆ. ಅವರಿಗೆ ಗೊತ್ತಿರುವುದು ಪ್ರಸಂಗವೇ ಹೊರತು ವಾಕ್ಯಗಳಲ್ಲ. ಆದ್ದರಿಂದ ಒಂದು ವಾಕ್ಯ ತಪ್ಪಿದರೆ ಎಲ್ಲವೂ ತಪ್ಪುವ ಭಯ ಅವರಿಗಿಲ್ಲ. ನೀವೂ ಐದು ನಿಮಿಷದ ಮಾತಿಗೆ ಮೂರೋ ನಾಲ್ಕೋ ‘ಪದ್ಯ’ಗಳನ್ನು, ಅಂದರೆ ಒಂದೊಂದು ಸಾಲಿನ ವಿಷಯಗಳನ್ನು, ಹಳೆಯ ಮದುವೆ ಕರೆಯೋಲೆಯ ಹಿಂಬದಿಯಲ್ಲಿ ದಪ್ಪಕ್ಷರಗಳಲ್ಲಿ ಬರೆದುಕೊಳ್ಳಿ. ತೆಳು ಹಾಳೆ ಕೈಯ ನಡುಕವನ್ನು ಸಭೆಗೆಲ್ಲ ಸಾರುತ್ತದೆ, ರಟ್ಟು ಹಾಗೆ ಮಾಡುವುದಿಲ್ಲ. ಬಾಯಿಪಾಠ ಬೇಕಾದದ್ದು ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ. ಅತಿಥಿಗಳ ಹೆಸರುಗಳನ್ನು ನೆನಪಿಗೆ ಬಿಡದೆ ಬರೆದೇ ಓದಿ, ಅದರಲ್ಲಿ ನಾಚಿಕೆಯಿಲ್ಲ.

ಮನೆಯಲ್ಲಿ ಎದ್ದು ನಿಂತು, ಗಡಿಯಾರ ನೋಡಿಕೊಂಡು, ಗಟ್ಟಿಯಾಗಿ ನಾಲ್ಕು ಸಲ ಹೇಳಿ, ಪ್ರತಿ ಸಲವೂ ಬೇರೆ ವಾಕ್ಯಗಳಲ್ಲಿ. ಲೋಕಲ್ ರೈಲಿನಲ್ಲಿ ಕುಳಿತು ಮನಸ್ಸಿನಲ್ಲೇ ಗುನುಗಿಕೊಳ್ಳುವುದು ಅಭ್ಯಾಸವಲ್ಲ. ವೇದಿಕೆಯಲ್ಲಿ ಮೈಕಿನ ಎತ್ತರ ಸರಿಮಾಡಿಕೊಂಡು, ಒಂದು ಉಸಿರು ಪೂರ್ತಿ ಬಿಟ್ಟು, ಪರಿಚಿತ ಮುಖವೊಂದನ್ನು ಹುಡುಕಿ ಅವರಿಗೆ ಹೇಳುವಂತೆ ಆರಂಭಿಸಿ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುವಾಗಿ ಎಂಟು ಜನರ ಬಿರುದುಗಳನ್ನು ದಾಟುವಷ್ಟರಲ್ಲಿ ಸಭೆ ಮೊಬೈಲಿಗೆ ಇಳಿದಿರುತ್ತದೆ. ಮುಖ್ಯ ಅತಿಥಿ ಮಾಡಿದ ಒಂದೇ ಒಂದು ಕೆಲಸವನ್ನು, ನೀವು ಕಣ್ಣಾರೆ ಕಂಡಂತೆ, ವಿವರವಾಗಿ ಹೇಳುವುದು ಅವರ ಇಡೀ ಬಯೋಡೇಟಾ ಓದುವುದಕ್ಕಿಂತ ಹೆಚ್ಚಿನ ಗೌರವ.

ಇನ್ನು ಕನ್ನಡ. ನಿಮ್ಮ ಸಭೆಯಲ್ಲಿ ಮಂಗಳೂರಿನವರು, ಧಾರವಾಡದವರು, ಕಲಬುರಗಿಯವರು, ಇಲ್ಲಿಯೇ ಹುಟ್ಟಿದವರು ಎಲ್ಲರೂ ಇರುತ್ತಾರೆ. ಯಾರ ಕನ್ನಡವೂ ಇನ್ನೊಬ್ಬರದರಂತಿಲ್ಲ. ನಡುವೆ ಮರಾಠಿ ಪದವೊಂದು ಬಂದರೆ ಕ್ಷಮೆ ಕೇಳಬೇಕಿಲ್ಲ. ನೀವು ಮನೆಯಲ್ಲಿ ಎಂದೂ ಆಡದ ‘ಗಣ್ಯಾತಿಗಣ್ಯ’ದಂಥ ಮಾತುಗಳೇ ವೇದಿಕೆಯಲ್ಲಿ ನಾಲಿಗೆಗೆ ತೊಡರುವುದು.

ಪ್ರಶ್ನೆ: ನಾನು ವಂದನಾರ್ಪಣೆಗೆ ನಿಲ್ಲುವ ಹೊತ್ತಿಗೆ ಜನ ಎದ್ದು ಹೋಗುತ್ತಿರುತ್ತಾರೆ. ಹಾಸ್ಯ ಚಟಾಕಿ ಹಾರಿಸಿದರೆ ನಿಲ್ಲುತ್ತಾರೆಯೇ?
— ಓದುಗರೊಬ್ಬರು, ಠಾಣೆ

ಉತ್ತರ: ನಿಲ್ಲುವುದಿಲ್ಲ. ಹೊರಟವರ ದೃಷ್ಟಿ ಗಡಿಯಾರದ ಮೇಲಿರುತ್ತದೆ. ಎರಡು ನಿಮಿಷವೆಂದು ಮೊದಲೇ ಹೇಳಿ, ಒಂದೂವರೆಯಲ್ಲಿ ಮುಗಿಸಿ. ಮೈಕ್ ಕಟ್ಟಿದ ಹುಡುಗನನ್ನೂ ಚಹಾ ಮಾಡಿದವರನ್ನೂ ಹೆಸರು ಹಿಡಿದು ನೆನೆಯಿರಿ. ಕಸಾರಾ ಲೋಕಲ್ ಹಿಡಿಯಬೇಕಾದವರೂ ಆ ಹೆಸರುಗಳಿಗೆ ಚಪ್ಪಾಳೆ ತಟ್ಟಿಯೇ ಬಾಗಿಲು ದಾಟುತ್ತಾರೆ.