ಕೀರಿಂಗ್ ತೆರೆಯದಿದ್ದರೆ ಕ್ಯಾಲೆಂಡರ್ ತುಂಬದು

ಪ್ರಶ್ನೆ: ಲಿನಕ್ಸ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಬಳಸುತ್ತೇನೆ. ಟರ್ಮಿನಲ್‌ನಲ್ಲಿ ರೂಟ್ (ನಿರ್ವಾಹಕ) ಅಧಿಕಾರದಿಂದ ನನ್ನ ಲಾಗಿನ್ ಪಾಸ್‌ವರ್ಡ್ ಬದಲಿಸಿದ ಮೇಲೆ, ಫೋನಿನಲ್ಲಿ ಗುರುತು ಹಾಕಿದ ಕಾರ್ಯಕ್ರಮಗಳು ಕಂಪ್ಯೂಟರಿನ ಕ್ಯಾಲೆಂಡರ್‌ಗೆ ಬರುತ್ತಿಲ್ಲ. ಆನ್‌ಲೈನ್ ಖಾತೆಯನ್ನು ಅಳಿಸಿ ಮತ್ತೆ ಸೇರಿಸಬೇಕೆ?

ಉತ್ತರ: ಅಷ್ಟು ಅವಸರ ಬೇಡ. ಖಾತೆಯ ಟೋಕನ್‌ಗಳು (ಖಾತೆಗೆ ಪ್ರವೇಶ ಕೊಡುವ ಗುಪ್ತ ಸಂಕೇತಗಳು) ‘ಲಾಗಿನ್’ ಎಂಬ ಕೀರಿಂಗ್‌ನಲ್ಲಿ, ಅಂದರೆ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಪೆಟ್ಟಿಗೆಯಲ್ಲಿ, ಭದ್ರವಾಗಿರುತ್ತವೆ. ರೂಟ್ ಅಧಿಕಾರದಿಂದ ಬದಲಿಸಿದಾಗ ಕೀರಿಂಗ್‌ಗೆ ಹಳೆಯ ಪಾಸ್‌ವರ್ಡೇ ಉಳಿಯುವುದರಿಂದ, ನೀವು ಲಾಗಿನ್ ಆದರೂ ಅದು ತಾನಾಗಿ ತೆರೆದುಕೊಳ್ಳುವುದಿಲ್ಲ, ಕ್ಯಾಲೆಂಡರ್ ಮಾಹಿತಿ ತರಿಸುವ ಎವಲ್ಯೂಷನ್ ಡೇಟಾ ಸರ್ವರ್‌ಗೆ ಟೋಕನ್ ಸಿಗುವುದೂ ಇಲ್ಲ. ಕೀರಿಂಗ್‌ಗಳನ್ನು ನಿರ್ವಹಿಸುವ ಸೀಹಾರ್ಸ್ ತಂತ್ರಾಂಶದಲ್ಲಿ ‘ಲಾಗಿನ್’ ಮೇಲೆ ಬಲಕ್ಲಿಕ್ ಮಾಡಿ, ಪಾಸ್‌ವರ್ಡ್ ಬದಲಿಸುವ ಆಯ್ಕೆ ಒತ್ತಿ, ಹಳೆಯ ಪಾಸ್‌ವರ್ಡ್ ಕೊಟ್ಟು, ಹೊಸದಾಗಿ ಈಗಿನ ಲಾಗಿನ್ ಪಾಸ್‌ವರ್ಡನ್ನೇ ನಮೂದಿಸಿ, ಲಾಗೌಟ್ ಆಗಿ ಮರಳಿ ಬನ್ನಿ. ಹಳೆಯದು ಮರೆತೇಹೋಗಿದ್ದರೆ ಮಾತ್ರ ಕೀರಿಂಗ್ ಅಳಿಸಿ, ಖಾತೆಗೆ ಹೊಸದಾಗಿ ಸೈನ್ ಇನ್ ಆಗಬೇಕಾಗುತ್ತದೆ. ಆಗ ಅದರಲ್ಲಿದ್ದ ಉಳಿದ ಪಾಸ್‌ವರ್ಡ್‌ಗಳೂ ಕೈಬಿಟ್ಟು ಹೋಗುತ್ತವೆ.