ಅಭಿಷೇಕ ಒಬ್ಬರಿಗೋ, ಎಲ್ಲರಿಗೋ?

ಪ್ರಶ್ನೆ: ನಾನು ಹೋಗುವ ಪ್ರಾರ್ಥನಾ ಕೂಟದಲ್ಲಿ ‘ಅಭಿಷೇಕ’ ಎಂಬ ಮಾತು ಕಿವಿಗೆ ಬೀಳದ ದಿನವಿಲ್ಲ. ಪ್ರಸಂಗ ಜೋರಾಗಿ ಬಂದರೆ ‘ಇವತ್ತು ಅಭಿಷೇಕ ಇಳಿಯಿತು’ ಎನ್ನುತ್ತಾರೆ. ನಮ್ಮ ಪಾಸ್ಟರ್‌ಗೆ ವಿಶೇಷ ಅಭಿಷೇಕವಿದೆಯಂತೆ. ಹಣದ ಲೆಕ್ಕದ ಬಗ್ಗೆ ಒಬ್ಬರು ಕೇಳಿದ್ದಕ್ಕೆ, ‘ನನ್ನ ಅಭಿಷಿಕ್ತರನ್ನು ಮುಟ್ಟಬಾರದು ಎಂದು ದೇವರೇ ಹೇಳಿದ್ದಾನೆ’ ಎಂದು ಬಾಯಿ ಮುಚ್ಚಿಸಿದರು. ನನ್ನ ತಲೆಗೆ ಯಾರೂ ಎಣ್ಣೆ ಹೊಯ್ದಿಲ್ಲ, ಪ್ರಾರ್ಥನೆಯಲ್ಲಿ ಮೈ ನಡುಗಿದ್ದೂ ಇಲ್ಲ. ಹಾಗಾದರೆ ನನಗೆ ಅಭಿಷೇಕವಿಲ್ಲವೇ?

ಉತ್ತರ: ಇದೆ. ಯೋಹಾನನ ಮೊದಲನೆಯ ಪತ್ರದ 2ನೇ ಅಧ್ಯಾಯ ತೆರೆದು 20 ಮತ್ತು 27ನೇ ವಚನ ಓದಿ. ಪವಿತ್ರನಾದಾತನಿಂದ ನೀವು ಅಭಿಷೇಕ ಹೊಂದಿದ್ದೀರಿ, ಅದು ನಿಮ್ಮಲ್ಲಿ ನೆಲೆಸಿದೆ ಎಂದು ಆತ ಬರೆಯುವುದು ಸಭೆಯ ಮುಂದಾಳುಗಳಿಗಲ್ಲ, ಇಡೀ ಸಭೆಗೆ. ಬರೆದ ಸಂದರ್ಭವನ್ನೂ ನೋಡಿ. ಸಭೆಯೊಳಗಿದ್ದ ಕೆಲವರು ಹೊರಟುಹೋಗಿದ್ದರು, ಉಳಿದವರನ್ನು ದಾರಿತಪ್ಪಿಸುವ ಪ್ರಯತ್ನವೂ ನಡೆದಿತ್ತು. ಆ ಗೊಂದಲದಲ್ಲಿ ಸಿಕ್ಕ ಸಾಮಾನ್ಯ ವಿಶ್ವಾಸಿಗಳಿಗೆ ಯೋಹಾನ ಹೇಳುವುದು, ಸತ್ಯವನ್ನು ಗುರುತಿಸಲು ಬೇಕಾದದ್ದು ನಿಮಗೆ ಆಗಲೇ ಸಿಕ್ಕಿದೆ ಎಂದು. ಪೌಲನೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ (1:21-22) ನಮ್ಮನ್ನು ನಿಮ್ಮೊಂದಿಗೆ ಕ್ರಿಸ್ತನಲ್ಲಿ ಸ್ಥಿರಪಡಿಸಿ ಅಭಿಷೇಕಿಸಿದವನು ದೇವರೇ ಎಂದು ಬರೆದು, ಮುದ್ರೆ ಹಾಕಿ ಪವಿತ್ರಾತ್ಮನನ್ನು ಹೃದಯದಲ್ಲಿ ಇಟ್ಟದ್ದನ್ನೂ ಅದರ ಜೊತೆಗೇ ಸೇರಿಸುತ್ತಾನೆ. ಮೈ ನಡುಗಬೇಕೆಂಬ ಷರತ್ತು ಎರಡೂ ಕಡೆ ಇಲ್ಲ.

ಹಾಗಿದ್ದರೆ ಈ ‘ವಿಶೇಷ’ ಎಲ್ಲಿಂದ ಬಂತು? ಹಳೆಯ ಒಡಂಬಡಿಕೆಯಿಂದ. ಅಲ್ಲಿ ಅಭಿಷೇಕ ಕೆಲವರಿಗೆ ಮಾತ್ರ. ಆರೋನನಿಗೂ ಅವನ ಮಕ್ಕಳಿಗೂ ಯಾಜಕ ಸೇವೆಗಾಗಿ ಆಯಿತು, ಸೌಲ, ದಾವೀದ, ಸೊಲೊಮೋನರಿಗೆ ಅರಸುತನಕ್ಕಾಗಿ ಆಯಿತು. ದೇವದರ್ಶನದ ಗುಡಾರ, ಯಜ್ಞವೇದಿ, ಅಲ್ಲಿನ ಪಾತ್ರೆಗಳಿಗೂ ಎಣ್ಣೆ ಹಚ್ಚಿದರು. ಮನುಷ್ಯನಿಗಾಗಲಿ ಪಾತ್ರೆಗಾಗಲಿ ಅರ್ಥ ಒಂದೇ: ಇದು ಇನ್ನು ದೇವರ ಕೆಲಸಕ್ಕೆ ಮೀಸಲು. ಪಾತ್ರೆಗೆ ಎಣ್ಣೆ ಹಚ್ಚಿದಾಗ ಅದು ಶಕ್ತಿಶಾಲಿಯಾಗುತ್ತದೆಂದು ಯಾರೂ ಹೇಳುವುದಿಲ್ಲ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಆ ಭ್ರಮೆ ಹುಟ್ಟುತ್ತದೆ.

ದಾವೀದನ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸಮುವೇಲ ಕೊಂಬಿನಿಂದ ಎಣ್ಣೆ ಹೊಯ್ದು ಹೊರಟುಹೋದ. ಅಂದಿನಿಂದ ಕರ್ತನ ಆತ್ಮ ದಾವೀದನ ಮೇಲೆ ಬಂತು ಎನ್ನುತ್ತದೆ ವಚನ. ಆಮೇಲೆ? ಮುಂದೆ ಸೌಲನ ಆಳುಗಳು ಹುಡುಕಿಕೊಂಡು ಬಂದಾಗ ಅವನಿದ್ದದ್ದು ಕುರಿಗಳ ಹಿಂದೆ. ಸಿಂಹಾಸನ ಸಿಗುವ ಮೊದಲು ಗವಿಗಳಲ್ಲಿ ಅಡಗಿ ಜೀವ ಉಳಿಸಿಕೊಂಡ. ಯೆಹೂದದವರು ಹೆಬ್ರೋನಿನಲ್ಲಿ ಎರಡನೆಯ ಸಲ, ಇಸ್ರಾಯೇಲಿನ ಹಿರಿಯರು ಮೂರನೆಯ ಸಲ ಅಭಿಷೇಕ ಮಾಡಿದ ಮೇಲೆಯೇ ಅವನು ಇಡೀ ಜನಾಂಗಕ್ಕೆ ಅರಸನಾದದ್ದು. ಅಭಿಷೇಕದಿಂದ ಅವನಿಗೆ ಮೊದಲು ಸಿಕ್ಕಿದ್ದು ಕೆಲಸ, ಅದರ ಬೆನ್ನಿಗೇ ಕಷ್ಟ. ಅಧಿಕಾರ ಬಂದದ್ದು ಬಹಳ ತಡವಾಗಿ.

ಇನ್ನು ಯೇಹು ಎಂಬ ಸೇನಾಧಿಕಾರಿಗೆ ಇಸ್ರಾಯೇಲಿನ ಅರಸುತನಕ್ಕಾಗಿ ಆದ ಅಭಿಷೇಕ. ಎರಡನೆಯ ಅರಸುಗಳು 9ನೇ ಅಧ್ಯಾಯದಲ್ಲಿದೆ, ಪ್ರಸಂಗಗಳಲ್ಲಿ ಯಾಕೋ ಇದನ್ನು ಹೆಚ್ಚು ಎತ್ತುವುದಿಲ್ಲ. ರಾಮೋತ್ ಗಿಲ್ಯಾದಿನಲ್ಲಿ ಸೇನಾಧಿಕಾರಿಗಳೆಲ್ಲ ಕೂತಿದ್ದಾರೆ. ಎಲೀಷ ಕಳುಹಿಸಿದ ಯುವ ಪ್ರವಾದಿಯೊಬ್ಬ ನಡುಕಟ್ಟಿಕೊಂಡು, ಕೈಯಲ್ಲಿ ಎಣ್ಣೆಯ ಕುಪ್ಪಿ ಹಿಡಿದು ಬರುತ್ತಾನೆ. ಯೇಹುವನ್ನು ಒಳಮನೆಗೆ ಕರೆದೊಯ್ದು ತಲೆಗೆ ಎಣ್ಣೆ ಹೊಯ್ಯುತ್ತಾನೆ, ಹೇಳಬೇಕಾದ್ದು ಹೇಳಿ ಬಾಗಿಲು ತೆರೆದು ಓಡಿಹೋಗುತ್ತಾನೆ. ಎಲೀಷ ಹೇಳಿಕಳುಹಿಸಿದ್ದೇ ಹಾಗೆ, ನಿಲ್ಲಬೇಡ, ಓಡು ಎಂದು. ಹೊರಗಿದ್ದವರು ‘ಆ ಹುಚ್ಚ ಯಾಕೆ ಬಂದಿದ್ದ?’ ಎಂದು ಕೇಳುತ್ತಾರೆ. ಸಂಗತಿ ತಿಳಿದ ಕೂಡಲೇ ತಮ್ಮ ಬಟ್ಟೆಗಳನ್ನು ಮೆಟ್ಟಿಲ ಮೇಲೆ ಹಾಸಿ ಕೊಂಬೂದುತ್ತಾರೆ. ಎಣ್ಣೆ ಹೊಯ್ದವನ ಹೆಸರೂ ನಮಗೆ ಗೊತ್ತಿಲ್ಲ. ಹೊಯ್ಯಿಸಿಕೊಂಡ ಯೇಹು ಬಾಳನೆಂಬ ಅನ್ಯದೇವರ ಪೂಜೆಯನ್ನು ಕಿತ್ತುಹಾಕಿದ, ಆದರೆ ಚಿನ್ನದ ಬಸವಗಳ ಪೂಜೆಯನ್ನು ಬಿಡಲಿಲ್ಲ. ಒಪ್ಪಿಸಿದ ಕೆಲಸ ಒಂದು, ಮನುಷ್ಯನ ಗುಣ ಇನ್ನೊಂದು. ಪಾರಸಿಯ ಅರಸ ಕೋರೆಷನನ್ನಂತೂ ಯೆಶಾಯ 45ನೇ ಅಧ್ಯಾಯ ಕರ್ತನ ಅಭಿಷಿಕ್ತ ಎನ್ನುತ್ತದೆ, ಆತ ಕರ್ತನನ್ನು ಅರಿತವನೇ ಅಲ್ಲ ಎಂದೂ ಅಲ್ಲೇ ಹೇಳುತ್ತದೆ. ಒಬ್ಬರಿಗೆ ಅಭಿಷೇಕವಾಗಿದೆ ಎಂದಮಾತ್ರಕ್ಕೆ ಅವರು ಮಾಡಿದ್ದೆಲ್ಲ ಸರಿ ಎನ್ನುವ ವಾದ ಇಷ್ಟನ್ನು ಓದಿದ ಮೇಲೆ ನಿಲ್ಲುವುದಿಲ್ಲ.

ಈಗ ಬಾಯಿ ಮುಚ್ಚಿಸಿದ ಆ ವಚನಕ್ಕೆ ಬರೋಣ. ಕೀರ್ತನೆ 105ರ 15ನೇ ವಚನ ಅದು, ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕದಲ್ಲೂ ಬರುತ್ತದೆ. ಹಿಂದಿನ ಮೂರು ವಚನಗಳನ್ನು ಸೇರಿಸಿ ಓದಿ. ಅಬ್ರಹಾಮ, ಇಸಾಕ, ಯಾಕೋಬರು ಬೆರಳೆಣಿಕೆಯಷ್ಟು ಜನ, ಸ್ವಂತ ನೆಲವಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದವರು. ಅವರನ್ನು ಮುಟ್ಟಬೇಡಿ ಎಂದು ದೇವರು ಗದರಿಸಿದ್ದು ಅರಸರನ್ನು. ಅಂದರೆ ಆ ಮಾತು ಬಲಹೀನರನ್ನು ಬಲಿಷ್ಠರಿಂದ ಕಾಯಲು ಬಂದದ್ದು. ಅದನ್ನೇ ತಿರುಗಿಸಿ, ವೇದಿಕೆಯ ಮೇಲಿರುವವರು ಕೆಳಗೆ ಕೂತವರ ಮೇಲೆ ಪ್ರಯೋಗಿಸುವುದು ವಚನವನ್ನು ತಲೆಕೆಳಗು ಮಾಡಿದಂತೆ. ಇನ್ನೂ ಒಂದು ಸ್ವಾರಸ್ಯವಿದೆ. ಗೆರಾರಿನ ಅರಸ ಅಬೀಮೆಲೆಕ ಸಾರಳನ್ನು ಮುಟ್ಟದಂತೆ ದೇವರು ತಡೆದ, ಅಬ್ರಹಾಮನನ್ನು ಪ್ರವಾದಿ ಎಂದೂ ಕರೆದ. ಮರುದಿನ ಬೆಳಗ್ಗೆ ಅದೇ ಅರಸ ಅಬ್ರಹಾಮನನ್ನು ಕರೆಸಿ, ನೀನು ನಮಗೆ ಮಾಡಿದ್ದೇನು, ಹೆಂಡತಿಯನ್ನು ತಂಗಿ ಎಂದದ್ದೇಕೆ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದ. ಕೇಳಿದ್ದು ತಪ್ಪೆಂದು ಆದಿಕಾಂಡ ಎಲ್ಲೂ ಹೇಳುವುದಿಲ್ಲ.

ದಾವೀದನೂ ಸೌಲನನ್ನು ಕೊಲ್ಲಲು ಒಪ್ಪಲಿಲ್ಲ, ಕರ್ತನ ಅಭಿಷಿಕ್ತನ ಮೇಲೆ ಕೈಯೆತ್ತಲಾರೆ ಎಂದ. ಆದರೆ ಗವಿಯಿಂದ ಹೊರಬಂದು, ತಾನು ಕತ್ತರಿಸಿಕೊಂಡಿದ್ದ ಸೌಲನ ನಿಲುವಂಗಿಯ ತುದಿ ಎತ್ತಿ ತೋರಿಸಿ, ನನ್ನನ್ನೇಕೆ ಬೇಟೆಯಾಡುತ್ತೀ, ಕರ್ತನೇ ನಮ್ಮಿಬ್ಬರ ನಡುವೆ ನ್ಯಾಯ ತೀರಿಸಲಿ ಎಂದು ಎಲ್ಲರ ಮುಂದೆ ಕೇಳಿದ. ಕೈಯೆತ್ತದಿರುವುದು ಬೇರೆ, ಬಾಯೆತ್ತದಿರುವುದು ಬೇರೆ. ಪ್ರವಾದಿ ನಾತಾನ ದಾವೀದನನ್ನೇ ಖಂಡಿಸಿದ, ಪೌಲ ಅಂತಿಯೋಕ್ಯದಲ್ಲಿ ಪೇತ್ರನನ್ನು ಎದುರಿಸಿದ. ಸಭೆಯ ಹಣದ ಲೆಕ್ಕ ಕೇಳುವುದು ಇವೆಲ್ಲಕ್ಕಿಂತ ಸಣ್ಣ ಸಂಗತಿ. ಕೇಳಿ.

ಹೊಸ ಒಡಂಬಡಿಕೆಯಲ್ಲಿ ಎಲ್ಲರಿಗೂ ಅಭಿಷೇಕ ಹೇಗೆ ಬಂತು ಎಂಬುದಕ್ಕೆ ಉತ್ತರ ಯೇಸುವಿನಲ್ಲಿದೆ. ಮೆಸ್ಸೀಯ ಎಂದರೂ ಕ್ರಿಸ್ತ ಎಂದರೂ ಅಭಿಷಿಕ್ತ ಎಂದೇ ಅರ್ಥ. ಆದರೆ ಆತನ ತಲೆಗೆ ಯಾವ ಮಹಾಯಾಜಕನೂ ಎಣ್ಣೆ ಹೊಯ್ಯಲಿಲ್ಲ. ದೇವರು ಆತನನ್ನು ಪವಿತ್ರಾತ್ಮದಿಂದಲೂ ಬಲದಿಂದಲೂ ಅಭಿಷೇಕಿಸಿದನೆಂದು ಪೇತ್ರ ಕೊರ್ನೇಲ್ಯನ ಮನೆಯಲ್ಲಿ ಹೇಳುತ್ತಾನೆ (ಅಪೊಸ್ತಲರ ಕೃತ್ಯಗಳು 10:38). ನಜರೇತಿನ ಸಭಾಮಂದಿರದಲ್ಲಿ ಯೇಸು ಯೆಶಾಯ 61ನ್ನು ಓದಿ ಇದು ಇಂದು ನೆರವೇರಿತು ಎಂದಾಗ (ಲೂಕ 4), ಅಭಿಷೇಕ ಯಾತಕ್ಕೆ ಎಂಬುದೂ ಅಲ್ಲೇ ಇದೆ: ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಕುರುಡರಿಗೆ ಕಣ್ಣು. ಊರಿನವರು ಅದೇ ದಿನ ಆತನನ್ನು ಗುಡ್ಡದಿಂದ ತಳ್ಳಲು ಹೊರಟರು. ಆತನ ತಲೆಯ ಮೇಲೆ ನಿಜವಾಗಿ ತೈಲ ಬಿದ್ದದ್ದು ಶಿಲುಬೆಗೆ ಕೆಲವೇ ದಿನ ಮುಂಚೆ, ಬೇಥಾನ್ಯದಲ್ಲಿ. ಮಾರ್ಕನ ಸುವಾರ್ತೆಯಲ್ಲಿ ಹೆಸರಿಲ್ಲದ ಒಬ್ಬ ಹೆಂಗಸು ಭರಣಿ ಒಡೆದು ಜಟಾಮಾಂಸಿ ತೈಲ ಸುರಿದಳು. ಬೆಲೆ 300 ದಿನಾರಿಗಿಂತ ಹೆಚ್ಚು. ಒಂದು ದಿನಾರಿ ಒಂದು ದಿನದ ಕೂಲಿಯಾಗಿದ್ದ ಕಾಲ ಅದು, ಹತ್ತಿರ ಹತ್ತಿರ ವರ್ಷದ ದುಡಿಮೆ. ದಂಡ ಮಾಡಿದಳೆಂದು ಕೂತವರು ರೇಗಿದರು. ನನ್ನ ಹೂಣಿಡುವಿಕೆಗೆ ಮುಂಚಿತವಾಗಿ ಮಾಡಿದಳು ಎಂದು ಯೇಸು ಅವಳ ಪರ ನಿಂತ.

ಆ ಅಭಿಷಿಕ್ತನಿಗೆ ಸೇರಿದವರಾದ್ದರಿಂದಲೇ ನಮಗೂ ಅಭಿಷೇಕ. ಪ್ರಸಂಗ ಮಾಡುವವರಿಗೆ ಆತ್ಮನ ಸಹಾಯ ಬೇಕೆಂದು ಪ್ರಾರ್ಥಿಸುವುದು, ಅದನ್ನು ‘ಅಭಿಷೇಕ’ ಎಂದು ಕರೆಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಪೆಂತೆಕೊಸ್ತ ಸಭೆಗಳಲ್ಲಿ ಅದು ರೂಢಿ, ಲೂಕ 4ರಲ್ಲಿ ಅದಕ್ಕೆ ಆಧಾರವೂ ಇದೆ. ಆದರೆ ಧ್ವನಿ ಎಷ್ಟು ಏರಿತು, ಎಷ್ಟು ಜನ ಬಿದ್ದರು ಎನ್ನುವುದು ಅಳತೆಗೋಲಲ್ಲ. ಬಡವರಿಗೆ ಒಳ್ಳೆಯದಾಯಿತೇ, ಸೆರೆಯಲ್ಲಿದ್ದವರು ಬಿಡುಗಡೆಯಾದರೇ ಎಂದು ನೋಡಿ.

ಪ್ರಶ್ನೆ: ವಿಮೋಚನಕಾಂಡದಲ್ಲಿ ಹೇಳಿದಂತೆಯೇ ತಯಾರಿಸಿದ ‘ಅಭಿಷೇಕ ತೈಲ’ ಎಂದು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಮನೆಯ ಬಾಗಿಲಿಗೆ ಹಚ್ಚಿದರೆ ರಕ್ಷಣೆಯಂತೆ. ಕೊಳ್ಳಬಹುದೇ?

ಉತ್ತರ: ಜಾಹೀರಾತು ಬರೆದವರು ಆ ಅಧ್ಯಾಯವನ್ನು ಕೊನೆಯವರೆಗೆ ಓದಿಲ್ಲ. ವಿಮೋಚನಕಾಂಡ 30ರಲ್ಲಿ ಅಳತೆ ಇದೆ: ರಕ್ತಬೋಳ 500 ಶೆಕೆಲ್, ಸುಗಂಧದ ಚಕ್ಕೆ 250, ಬಜೆ 250, ಕಾಸಿಯಾ ಎಂಬ ಇನ್ನೊಂದು ಚಕ್ಕೆ 500, ಒಂದು ಹಿನ್ ಆಲಿವ್ ಎಣ್ಣೆ. ಶೆಕೆಲ್ ಸುಮಾರು 11 ಗ್ರಾಂ ಎಂದು ಹಿಡಿದರೂ 16 ಕಿಲೊ ದಾಟುವ ಸುಗಂಧ ದ್ರವ್ಯಕ್ಕೆ ಕೆಲವೇ ಲೀಟರ್ ಎಣ್ಣೆ. ಸುಮ್ಮನೆ ಕಲಸಿದರೆ ಮುದ್ದೆಯಾದೀತು, ಅದಕ್ಕೇ ಇದು ಸುಗಂಧ ತಯಾರಿಸುವವರ ಕಸುಬು ಎಂದು ಅಲ್ಲೇ ಹೇಳಿದೆ. ಅದರ ಮುಂದಿನ ವಚನಗಳು 32 ಮತ್ತು 33: ಇದೇ ಪ್ರಮಾಣದಲ್ಲಿ ಇನ್ನೊಂದು ಮಾಡಬಾರದು, ಸಾಮಾನ್ಯರ ಮೈಗೆ ಹಚ್ಚಬಾರದು, ಮಾಡಿದವನನ್ನು ಕುಲದಿಂದ ತೆಗೆದುಹಾಕಬೇಕು. ‘ಅದರಂತೆಯೇ ಮಾಡಿದ್ದು’ ಎನ್ನುವುದು ಅಲ್ಲಿ ಹೆಗ್ಗಳಿಕೆಯಲ್ಲ, ಅಪರಾಧ.

ಸಭೆಗಳು ಇಂದು ಬಳಸುವ ಎಣ್ಣೆ ಬೇರೆ. ಕಥೋಲಿಕ ಸಭೆಯಲ್ಲಿ ದೀಕ್ಷಾರ್ಥಿಗಳಿಗೆ ಒಂದು, ರೋಗಿಗಳಿಗೆ ಒಂದು, ಸುಗಂಧ ಬೆರೆಸಿದ ಕ್ರಿಸ್ಮಾ ತೈಲ ಒಂದು, ಹೀಗೆ ಮೂರು ಇವೆ. ಸಾಮಾನ್ಯವಾಗಿ ಪವಿತ್ರ ಗುರುವಾರ ಅಥವಾ ಅದರ ಆಸುಪಾಸಿನ ದಿನ ಬಿಷಪ್ ಇವನ್ನು ಆಶೀರ್ವದಿಸುತ್ತಾರೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಮಗುವಿಗೂ ದೀಕ್ಷಾಸ್ನಾನದ ಬೆನ್ನಿಗೇ ಪವಿತ್ರ ತೈಲದ ಮುದ್ರೆ ಹಾಕುತ್ತಾರೆ. ಇವೆಲ್ಲ ಪ್ರಾರ್ಥನೆಯ ಜೊತೆ ಸಭೆಯೊಳಗೆ ನಡೆಯುವ ಕ್ರಿಯೆಗಳು, ಬಾಟಲಿಗೆ ತುಂಬಿ ಮಾರುವ ಸರಕಲ್ಲ. ನಿಮ್ಮ ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಶಸ್ತ್ರಚಿಕಿತ್ಸೆ ಆಗಬೇಕಿದೆ. ಫಾದರ್ ಎಣ್ಣೆ ಹಚ್ಚಿ ಪ್ರಾರ್ಥಿಸಲು ಬರುತ್ತೇನೆಂದದ್ದೇ ತಡ, ‘ನನ್ನ ಕಾಲ ಮುಗಿಯಿತೇ?’ ಎಂದು ಅಮ್ಮ ಅತ್ತರು. ಇನ್ನೊಂದೆಡೆ ಪರಿಚಯದವರೊಬ್ಬರು, ಅಭಿಷೇಕದಲ್ಲಿ ನಂಬಿಕೆಯಿದ್ದರೆ ಔಷಧಿ ನಿಲ್ಲಿಸಿ ಎನ್ನುತ್ತಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಔಷಧಿ ನಿಲ್ಲಿಸಬೇಡಿ. ಇದು ಮೊದಲ ಮಾತು.

ಹೊಸ ಒಡಂಬಡಿಕೆಯ ಯಾಕೋಬನ ಪತ್ರ 5:14-15 ಈ ಆಚರಣೆಯ ಬುಡ. ನಿಮ್ಮಲ್ಲಿ ಅಸ್ವಸ್ಥರಿದ್ದರೆ ಸಭೆಯ ಹಿರಿಯರನ್ನು ಕರೆಸಲಿ, ಅವರು ಕರ್ತನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದಿದೆ. ಸಾಯುವವರು ಎಂದಿಲ್ಲ, ಅಸ್ವಸ್ಥರು ಎಂದಿದೆ. ಎಣ್ಣೆ ಆ ಕಾಲದ ಚಿಕಿತ್ಸೆಯೂ ಹೌದು. ಒಳ್ಳೆಯ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ಪೌಲ ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದ, ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದ. ಅವರಿಗೆ ನಂಬಿಕೆ ಕಡಿಮೆಯಿತ್ತೆಂದು ಅವನು ಹೇಳಲಿಲ್ಲ. ಯಾಕೋಬ ಹೇಳುವ ನಂಬಿಕೆಯ ಪ್ರಾರ್ಥನೆ ಕೂಡ ಬಂದ ಹಿರಿಯರು ಮಾಡುವಂಥದ್ದು. ಗುಣವಾಗದಿದ್ದರೆ ಮಲಗಿದವರ ನಂಬಿಕೆಯನ್ನು ದೂರುವ ಚಾಳಿಗೆ ಅಲ್ಲಿ ಜಾಗವಿಲ್ಲ.

ಅಮ್ಮನ ಭಯಕ್ಕೆ ಕಾರಣ ಇತಿಹಾಸ. ಮಧ್ಯಯುಗದ ಪಶ್ಚಿಮದಲ್ಲಿ ಈ ಅಭ್ಯಂಗವನ್ನು ಮರಣಶಯ್ಯೆಗೆ ಮುಂದೂಡುವ ರೂಢಿ ಬಂತು, ‘ಅಂತಿಮ ಅಭ್ಯಂಗ’ ಎಂಬ ಹೆಸರೇ ಅಂಟಿಕೊಂಡಿತು. ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ 1520ರಲ್ಲಿ ಇದನ್ನು ಸಂಸ್ಕಾರವೆಂದು ಒಪ್ಪಲು ನಿರಾಕರಿಸಿದಾಗ ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು: ಯಾಕೋಬ ಗುಣವಾಗಲೆಂದು ಹೇಳಿದ್ದನ್ನು ನೀವು ಸಾಯುವವರಿಗೆ ಕೊಡುತ್ತಿದ್ದೀರಿ. ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ‘ರೋಗಿಗಳ ಅಭ್ಯಂಗ’ ಎಂಬ ಹೆಸರೇ ಹೆಚ್ಚು ಸೂಕ್ತವೆಂದು, ಇದು ಸಾವಿನಂಚಿನವರಿಗೆ ಮಾತ್ರವಲ್ಲವೆಂದು ಸ್ಪಷ್ಟಪಡಿಸಿತು. 1972ರಲ್ಲಿ ಆರನೆಯ ಪೌಲ್ ಪೋಪ್ ವಿಧಿಯನ್ನು ಪರಿಷ್ಕರಿಸಿದರು. ಈಗ ಹಣೆಗೂ ಕೈಗಳಿಗೂ ಎಣ್ಣೆ ಹಚ್ಚುತ್ತಾರೆ, ಆಲಿವ್ ಎಣ್ಣೆ ಸಿಗದ ಕಡೆ ಬೇರೆ ಸಸ್ಯದ ಎಣ್ಣೆಯೂ ಆಗುತ್ತದೆ. ಗಂಭೀರ ಕಾಯಿಲೆಗಾಗಿ ಶಸ್ತ್ರಚಿಕಿತ್ಸೆಗೆ ಮುಂಚೆ ಪಡೆಯಬಹುದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆಯೂ ಪಡೆಯಬಹುದು. ಸಾಯುವವರಿಗೆ ಕೊಡುವ ಕೊನೆಯ ಸಂಸ್ಕಾರ ಇದಲ್ಲ, ದಾರಿಬುತ್ತಿಯಾಗಿ ಕೊಡುವ ಪರಮಪ್ರಸಾದ.

ಅಮ್ಮನಿಗೆ ಇದನ್ನು ನೀವೇ ವಿವರಿಸುವುದಕ್ಕಿಂತ ಫಾದರ್ ಬಾಯಿಂದ ಹೇಳಿಸಿ, ಮೇಲೆ ಹೇಳಿದ ಎರಡು ವಚನಗಳನ್ನು ಅವರೇ ಓದಿಕೊಡಲಿ. ಆಪರೇಷನ್ ದಿನದ ಗಡಿಬಿಡಿಯಲ್ಲಿ ಬೇಡ, ಒಂದೆರಡು ದಿನ ಮುಂಚೆ ಕರೆಸಿ, ಮನೆಯವರೆಲ್ಲ ಜೊತೆಗಿರಿ. ಅಷ್ಟು ಹೇಳಿದ ಮೇಲೂ ಅಮ್ಮ ಬೇಡವೆಂದರೆ ಬಲವಂತ ಮಾಡಬೇಡಿ. ಕರೆಸುವ ಹಕ್ಕನ್ನು ಯಾಕೋಬ ಕೊಟ್ಟದ್ದು ಅಸ್ವಸ್ಥರ ಕೈಗೇ.