371(ಜೆ): ದೆಹಲಿಯ ಪಾಲೆಷ್ಟು, ಬೆಂಗಳೂರಿನ ಪಾಲೆಷ್ಟು?

ಪ್ರಶ್ನೆ: ಕಲ್ಯಾಣ ಕರ್ನಾಟಕದವರಿಗೆ ರಾಜ್ಯ ಸರ್ಕಾರದ ಹುದ್ದೆಗಳಲ್ಲಿ ಮೀಸಲಾತಿ ನೀಡಲು ಸಂವಿಧಾನವನ್ನೇ ಏಕೆ ತಿದ್ದಬೇಕಾಯಿತು? ನಮ್ಮ ವಿಧಾನಮಂಡಲಕ್ಕೆ ಆ ಅಧಿಕಾರವಿರಲಿಲ್ಲವೇ?
– ಓದುಗರೊಬ್ಬರು, ಯಾದಗಿರಿ

ಉತ್ತರ: ಇರಲಿಲ್ಲ. ರಾಜ್ಯದ ಸೇವೆಗಳು ರಾಜ್ಯಪಟ್ಟಿಗೆ (ರಾಜ್ಯಗಳು ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಗೆ) ಸೇರಿದ್ದರೂ, ಹುಟ್ಟಿದ ಊರು ಅಥವಾ ವಾಸಸ್ಥಳದ ಆಧಾರದ ಮೇಲೆ ಸರ್ಕಾರಿ ನೌಕರಿಯಲ್ಲಿ ತಾರತಮ್ಯ ಮಾಡುವುದನ್ನು ಸಂವಿಧಾನದ 16ನೇ ವಿಧಿ ನಿಷೇಧಿಸುತ್ತದೆ; ವಾಸಸ್ಥಳದ ಷರತ್ತು ವಿಧಿಸುವ ಕಾನೂನು ಮಾಡುವ ಅಧಿಕಾರವನ್ನು ಅದೇ ವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿದೆ. ಆದ್ದರಿಂದಲೇ 2012ರ 98ನೇ ತಿದ್ದುಪಡಿ ಕಾಯ್ದೆಯ ಮೂಲಕ ಈ ಮೀಸಲಾತಿಗೆ ಅವಕಾಶ ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರ್ಪಡೆಯಾಯಿತು. ದೆಹಲಿಯ ಕೆಲಸ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತೆಂದೇ ಹೇಳಬೇಕು. ರಾಷ್ಟ್ರಪತಿಗಳ ಆದೇಶದಿಂದ ರಾಜ್ಯಪಾಲರಿಗೆ ವಿಶೇಷ ಹೊಣೆ ಬಂದಿತು; ರಾಜ್ಯಪಾಲರ 2013ರ ಆದೇಶದಂತೆ ಪ್ರಾದೇಶಿಕ ವೃಂದದ (ಈ ಭಾಗದ ಕಚೇರಿಗಳ ಹುದ್ದೆಗಳ) ‘ಸಿ’ ಗುಂಪಿನಲ್ಲಿ ಶೇ 80, ‘ಡಿ’ ಗುಂಪಿನಲ್ಲಿ ಶೇ 85ರಷ್ಟು ಹುದ್ದೆಗಳು ಮೀಸಲಾದವು. ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಮೀಸಲಾದ ಹುದ್ದೆಗಳು ಖಾಲಿ ಉಳಿದರೆ ಕೇಳಬೇಕಾದುದು ಬೆಂಗಳೂರನ್ನೇ.